ಬೇರೆ ಮಾಡೆಲ್‌ನ ಹಿಂದಿನ ಶಾಕ್ ನಿಮ್ಮ ಬೈಕಿಗೆ: ಬೋಲ್ಟ್ ಕೂತರೆ ಸಾಲದು

ಬೇರೆ ಬೈಕಿನ ಶಾಕ್ (ಹಿಂಚಕ್ರದ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್) ತಂದು ಹಾಕಿ ಕೈಸುಟ್ಟುಕೊಂಡವರ ಮಾತು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ‘ಉದ್ದ ಕರೆಕ್ಟಾಗಿತ್ತು, ಬೋಲ್ಟೂ ಕೂತಿತು, ಆದರೂ ಸರಿ ಹೋಗಲಿಲ್ಲ.’ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ. ಇಲ್ಲವೇ ಹಿಂಭಾಗ ಕಲ್ಲಿನಂತೆ ಗಡಸಾಗಿದೆ. ಇಲ್ಲವೇ ಒಂದೇ ತಿಂಗಳಲ್ಲಿ ಶಾಕಿನ ತುದಿಯೊಳಗಿನ ರಬ್ಬರ್ ಬುಶ್ ಹರಿದಿದೆ.

ಇವರೆಲ್ಲ ಅಳತೆ ತೆಗೆದದ್ದು ಬೈಕ್ ಸುಮ್ನೆ ನಿಂತಿರುವಾಗ. ಶಾಕ್ ಹೊಂದುತ್ತದೋ ಇಲ್ಲವೋ ಗೊತ್ತಾಗುವುದು ಅದು ಪೂರ್ತಿ ಕುಗ್ಗಿ, ಚಕ್ರ ಎಷ್ಟು ಸಾಧ್ಯವೋ ಅಷ್ಟು ಮೇಲೆ ಬಂದಾಗ. ಅದನ್ನು ರಸ್ತೆಯ ಹಳ್ಳದಲ್ಲಿ ಕಂಡುಕೊಳ್ಳುವ ಬದಲು ಶೆಡ್ಡಿನಲ್ಲೇ ನೋಡಿಬಿಡಬಹುದು. ಈ ಬರಹದ ಹೆಚ್ಚಿನ ಪಾಲು ಅದರ ಬಗ್ಗೆಯೇ.

ಹೆಚ್ಚಿನವರು ಮೊದಲು ಶಾಕ್ ಕೊಂಡು ಆಮೇಲೆ ಅಳತೆಗೆ ಕೂರುತ್ತಾರೆ. ಇಲ್ಲಿ ಕೆಲಸ ಉಲ್ಟಾ. ಹಂತ 3 ಮುಗಿಯುವ ತನಕ ದುಡ್ಡು ಬಿಚ್ಚಬೇಡಿ.

## ಮೊದಲು ನಾಲ್ಕು ‘ಬೇಡ’ಗಳು

ಶಾಕಿನ ಎರಡು ತುದಿಯಲ್ಲಿ ಬೋಲ್ಟ್ ಹೋಗುವ ತೂತಿಗೆ ಇಲ್ಲಿ ‘ಕಣ್ಣು’ ಅನ್ನುತ್ತೇನೆ. ಆ ಕಣ್ಣನ್ನು ಡ್ರಿಲ್ ಹಾಕಿ ದೊಡ್ಡದು ಮಾಡಬೇಡಿ. ಫ್ರೇಮಿನ ಬ್ರಾಕೆಟ್ಟನ್ನು ಗ್ರೈಂಡ್ ಮಾಡಬೇಡಿ, ಹೊಸ ತೂತು ಕೊರೆಯಬೇಡಿ. ಶಾಕಿನ ಹತ್ತಿರ ವೆಲ್ಡಿಂಗ್, ಬೆಂಕಿ ಯಾವುದೂ ಬೇಡ. ಗ್ಯಾಸ್ ಶಾಕಿನೊಳಗೆ ಸಾಮಾನ್ಯವಾಗಿ 10ರಿಂದ 15 ಬಾರ್ ಒತ್ತಡದ ನೈಟ್ರೋಜನ್ ಇರುತ್ತದೆ. ಸ್ಪ್ರಿಂಗನ್ನು ಹಗ್ಗ, ಕಂಬಿ, ಸ್ಕ್ರೂಡ್ರೈವರ್ ಇಟ್ಟು ಬಿಚ್ಚುವ ಸಾಹಸವೂ ಬೇಡ. ಅದಕ್ಕೆ ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಬೇಕು. ನಿಮ್ಮಲ್ಲಿ ಇಲ್ಲದಿದ್ದರೆ ಇರುವವರ ಹತ್ತಿರ ಹೋಗಿ.

ಇವುಗಳಲ್ಲಿ ಒಂದನ್ನಾದರೂ ಮಾಡದೆ ಶಾಕ್ ಕೂರುವುದೇ ಇಲ್ಲ ಅಂತಾದರೆ ಆ ಶಾಕ್ ನಿಮ್ಮ ಬೈಕಿನದ್ದಲ್ಲ. ಬೇರೆ ಹುಡುಕಿ.

## ಬೇಕಾಗುವ ಸಾಮಾನು

ಸ್ಪ್ಯಾನರ್, ಸಾಕೆಟ್ ಸೆಟ್ ಹೇಗೂ ಇರುತ್ತವೆ. ಅದರ ಜೊತೆಗೆ ಟಾರ್ಕ್ ರೆಂಚ್, ವರ್ನಿಯರ್ ಕ್ಯಾಲಿಪರ್, ಸ್ಟೀಲ್ ಅಳತೆ ಟೇಪು, ಚಿಕ್ಕ ಜ್ಯಾಕ್ ಒಂದು, ಮರದ ತುಂಡುಗಳು, ಎರಡು ಗಟ್ಟಿ ರ‍್ಯಾಚೆಟ್ ಪಟ್ಟಿ, ಗ್ರೀಸ್, ಪೇಂಟ್ ಮಾರ್ಕರ್. ನಿಮ್ಮ ಬೈಕಿನ ಸರ್ವಿಸ್ ಮ್ಯಾನುಯಲ್ ಬೇಕೇ ಬೇಕು. ಬೋಲ್ಟ್ ಎಷ್ಟು ಬಿಗಿಯಬೇಕು ಅನ್ನುವ ಟಾರ್ಕ್ ಅಂಕಿ ಅದರಿಂದಲೇ ತೆಗೆದುಕೊಳ್ಳಬೇಕು.

ಇವುಗಳ ಜೊತೆ ಯಾರೂ ಪಟ್ಟಿಯಲ್ಲಿ ಸೇರಿಸದ ಎರಡು ವಸ್ತು ಇವೆ. ಒಂದು, 40 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ, ನಿಮ್ಮ ಶಾಕಿಗಿಂತ ಸ್ವಲ್ಪ ಉದ್ದದ ಕಬ್ಬಿಣದ ಪಟ್ಟಿ. ಇನ್ನೊಂದು, ಮಕ್ಕಳು ಆಡುವ ಬಣ್ಣದ ಮೆತ್ತನೆ ಕ್ಲೇ. ಯಾಕೆ ಅಂತ ಹಂತ 6ರಲ್ಲಿ ಗೊತ್ತಾಗುತ್ತದೆ.

## ಹಂತ 1: ಹಳೆ ಶಾಕ್ ಇರುವಾಗಲೇ ಅಳತೆ ಬರೆದುಕೊಳ್ಳಿ

ಹಿಂದಿನ ಆಕ್ಸಲ್‌ನಿಂದ ನೇರ ಮೇಲಕ್ಕೆ, ಬಾಡಿಯ ಮೇಲೆ ಒಂದು ಟೇಪಿನ ಚೂರು ಅಂಟಿಸಿ ಗುರುತು ಮಾಡಿ. ಆಕ್ಸಲ್ ನಡುವಿನಿಂದ ಆ ಗುರುತಿನ ತನಕ ಮೂರು ಸಲ ಅಳೆಯಿರಿ: ಚಕ್ರ ಗಾಳಿಯಲ್ಲಿ ನೇತಾಡುವಾಗ, ಬೈಕ್ ತನ್ನ ಭಾರದಲ್ಲಿ ನೇರ ನಿಂತಾಗ, ನೀವು ಹೆಲ್ಮೆಟ್, ಜಾಕೆಟ್ ಎಲ್ಲ ಹಾಕಿ ಕೂತಾಗ. ಕೊನೆಯ ಎರಡಕ್ಕೆ ಇನ್ನೊಬ್ಬರ ಸಹಾಯ ಬೇಕು. ಸೈಡ್ ಸ್ಟ್ಯಾಂಡಿನ ಮೇಲೆ ವಾಲಿಸಿ ಅಳೆದರೆ ಲೆಕ್ಕಕ್ಕೆ ಬರುವುದಿಲ್ಲ.

ಚೈನಿನ ಸಡಿಲ ಎಷ್ಟಿದೆ, ಸೈಡ್ ಸ್ಟ್ಯಾಂಡಿನಲ್ಲಿ ಬೈಕ್ ಎಷ್ಟು ವಾಲುತ್ತದೆ, ಹೆಡ್‌ಲೈಟ್ ಬೆಳಕು ಗೋಡೆಯ ಮೇಲೆ ಎಲ್ಲಿ ಬೀಳುತ್ತದೆ, ಇವನ್ನೂ ಬರೆದಿಡಿ. ಲಿಂಕೇಜ್ (ಶಾಕನ್ನು ಚಕ್ರದ ತೋಳಿಗೆ ಜೋಡಿಸುವ ಸನ್ನೆಗಳು), ಬ್ರೇಕ್ ಪೈಪು, ಎಬಿಎಸ್ ವೈರು ಹೋಗುವ ದಾರಿಯ ಫೋಟೊ ತೆಗೆಯಿರಿ. ಹತ್ತು ನಿಮಿಷದ ಕೆಲಸ. ಇದನ್ನು ಬಿಟ್ಟರೆ ಆಮೇಲೆ ‘ಮೊದಲು ಹೇಗಿತ್ತು’ ಅಂತ ಕೇಳಿದರೆ ಯಾರಲ್ಲೂ ಉತ್ತರ ಇರುವುದಿಲ್ಲ.

## ಹಂತ 2: ಬೈಕನ್ನು ಫ್ರೇಮಿನಿಂದ ಎತ್ತಿ ನಿಲ್ಲಿಸಿ, ಶಾಕ್ ಬಿಚ್ಚಿ

ಸ್ವಿಂಗ್ ಆರ್ಮ್ (ಹಿಂಚಕ್ರ ಹಿಡಿದಿರುವ, ಮೇಲೆ ಕೆಳಗೆ ಆಡುವ ತೋಳು) ಹಿಡಿದು ಎತ್ತುವ ಪ್ಯಾಡಾಕ್ ಸ್ಟ್ಯಾಂಡ್ ಈ ಕೆಲಸಕ್ಕೆ ಬರುವುದಿಲ್ಲ. ಶಾಕ್ ತೆಗೆದ ಕ್ಷಣ ಸ್ವಿಂಗ್ ಆರ್ಮಿಗೂ ಫ್ರೇಮಿಗೂ ನಡುವೆ ಹಿಡಿದಿಡುವುದು ಏನೂ ಇರುವುದಿಲ್ಲ, ಬೈಕು ಕುಸಿದು ಕೂರುತ್ತದೆ. ಭಾರ ಫ್ರೇಮಿನ ಮೇಲೆ ಇರಬೇಕು. ಸೆಂಟರ್ ಸ್ಟ್ಯಾಂಡ್ ಫ್ರೇಮಿಗೇ ಕೂತಿದ್ದರೆ ಅದು ನಡೆಯುತ್ತದೆ. ಇಲ್ಲದಿದ್ದರೆ ಫುಟ್‌ರೆಸ್ಟ್ ಬ್ರಾಕೆಟ್ ಕೆಳಗೆ ಆಧಾರ ಕೊಡಿ, ಅಥವಾ ಮೇಲಿನ ಗಟ್ಟಿ ತೊಲೆಗೆ ರ‍್ಯಾಚೆಟ್ ಪಟ್ಟಿ ಹಾಕಿ ಫ್ರೇಮಿನಿಂದ ತೂಗುಹಾಕಿ. ಮುಂದಿನ ಬ್ರೇಕ್ ಲಿವರನ್ನು ಪಟ್ಟಿಯಿಂದ ಬಿಗಿದು ಕಟ್ಟಿ. ಬೈಕನ್ನು ಪಕ್ಕದಿಂದ ಒಮ್ಮೆ ಜೋರಾಗಿ ಅಲ್ಲಾಡಿಸಿ ನೋಡಿ. ನಂಬಿಕೆ ಬಂದ ಮೇಲೆ ಮಾತ್ರ ಮುಂದೆ ಹೋಗಿ.

ಬೈಕನ್ನು ಹೀಗೆ ಎತ್ತುವ ಮೊದಲೇ, ಚಕ್ರ ನೆಲದ ಮೇಲಿರುವಾಗ, ಶಾಕಿನ ಎರಡೂ ಬೋಲ್ಟನ್ನು ಒಂದು ಸುತ್ತು ಸಡಿಲ ಮಾಡಿಕೊಳ್ಳಿ. ಎತ್ತಿ ನಿಲ್ಲಿಸಿದ ಬೈಕಿನಲ್ಲಿ ಉದ್ದನೆ ರಾಡ್ ಹಾಕಿ ಎಳೆಯುವುದು ಅಪಾಯ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ.

ಆಮೇಲೆ ಚಕ್ರದ ಕೆಳಗೆ ಜ್ಯಾಕ್ ಇಟ್ಟು ನಿಧಾನ ಎತ್ತುತ್ತಾ ಇಳಿಸುತ್ತಾ ಒಂದು ಜಾಗ ಹುಡುಕಿ. ಬೋಲ್ಟನ್ನು ಬೆರಳಿನಲ್ಲಿ ತಿರುಗಿಸಿದರೆ ತಾನಾಗಿ ಜಾರುವ ಜಾಗ ಒಂದಿರುತ್ತದೆ. ಅಲ್ಲಿ ಬೋಲ್ಟಿನ ಮೇಲೆ ಭಾರ ಇಲ್ಲ ಅಂತ ಅರ್ಥ. ಸುತ್ತಿಗೆಯಿಂದ ಬಡಿದು ಬೋಲ್ಟ್ ತೆಗೆಯುತ್ತಿದ್ದೀರಿ ಅಂದರೆ ಜ್ಯಾಕ್ ಸರಿಯಾದ ಎತ್ತರದಲ್ಲಿಲ್ಲ.

## ಹಂತ 3: ನಿಮ್ಮ ಬೈಕಿನ ಅನುಪಾತ ಅಳೆಯಿರಿ

ಶಾಕ್ 10 ಮಿ.ಮೀ. ಕುಗ್ಗಿದರೆ ಚಕ್ರ ಎಷ್ಟು ಮೇಲೆ ಬರುತ್ತದೆ? ಇದೇ ಅನುಪಾತ. ಎರಡು ಶಾಕ್ ಇರುವ ಹಳೆ ಮಾದರಿಯ ಬೈಕಿನಲ್ಲಿ ಇದು 1ಕ್ಕಿಂತ ಸ್ವಲ್ಪ ಜಾಸ್ತಿ. ಮೊನೊಶಾಕ್ (ಹಿಂದೆ ಒಂದೇ ಶಾಕ್ ಇರುವ) ಬೈಕಿನಲ್ಲಿ 2ರಿಂದ 3ರ ಆಸುಪಾಸು.

ಶಾಕ್ ತೆಗೆದ ಜಾಗದಲ್ಲಿ ಮೇಲಿನ ಬೋಲ್ಟ್ ತೂತಿನ ನಡುವಿನಿಂದ ಕೆಳಗಿನದರ ನಡುವಿಗೆ ಟೇಪು ಹಿಡಿಯಿರಿ. ಜ್ಯಾಕಿನಿಂದ ಚಕ್ರ ಎತ್ತುತ್ತಾ ಹೋಗಿ. ಆ ಅಂತರ ಪ್ರತಿ 10 ಮಿ.ಮೀ. ಕಡಿಮೆಯಾದಾಗಲೂ ಆಕ್ಸಲ್ ಎಷ್ಟು ಮೇಲೆ ಬಂದಿತು ಅಂತ ಬರೆಯಿರಿ. ಅಂತರ 320ರಿಂದ 310ಕ್ಕೆ ಇಳಿದಾಗ ಆಕ್ಸಲ್ 26 ಮಿ.ಮೀ. ಏರಿದರೆ ಅನುಪಾತ 2.6. ಲಿಂಕೇಜ್ ಇರುವ ಬೈಕಿನಲ್ಲಿ ಈ ಅಂಕಿ ಮೇಲೆ ಹೋದಂತೆ ಬದಲಾಗುತ್ತದೆ, ಅದಕ್ಕೇ ಒಂದೇ ಅಳತೆಗೆ ನಿಲ್ಲಿಸಬೇಡಿ.

ಸ್ವಿಂಗ್ ಆರ್ಮ್ ಸ್ವತಂತ್ರವಾಗಿ ಸಿಕ್ಕಿರುವ ಅಪರೂಪದ ಹೊತ್ತು ಇದು. ಅದು ತಿರುಗುವ ಜಾಗದ ಪಿವಟ್ ಬೇರಿಂಗ್, ಲಿಂಕೇಜ್ ಬೇರಿಂಗ್ ಲೊಡಲೊಡ ಅನ್ನುತ್ತವೆಯೇ ನೋಡಿಬಿಡಿ. ಅವೇ ಸತ್ತಿದ್ದರೆ ಹೊಸ ಶಾಕ್ ಹಾಕಿಯೂ ಏನೂ ಬದಲಾಗದು.

## ಹಂತ 4: ಯಾವ ಶಾಕ್ ಹೊಂದುತ್ತದೆ

ಈಗ ಹುಡುಕಲು ಹೊರಡಬಹುದು. ಐದು ವಿಷಯ ನೋಡಬೇಕು. ಐದೂ ಒಟ್ಟಿಗೆ ಹೊಂದಬೇಕು.

ಉದ್ದ. ಒಂದು ಕಣ್ಣಿನ ನಡುವಿನಿಂದ ಇನ್ನೊಂದರ ನಡುವಿಗೆ, ಶಾಕ್ ಪೂರ್ತಿ ಚಾಚಿರುವಾಗ. ವ್ಯತ್ಯಾಸವನ್ನು ಅನುಪಾತದಿಂದ ಗುಣಿಸಿ. ಹೊಸದು 6 ಮಿ.ಮೀ. ಉದ್ದ, ಅನುಪಾತ 2.6 ಅಂದರೆ ಹಿಂಭಾಗ ಸುಮಾರು 16 ಮಿ.ಮೀ. ಏಳುತ್ತದೆ. 1,400 ಮಿ.ಮೀ. ವೀಲ್‌ಬೇಸ್ (ಎರಡು ಚಕ್ರದ ಆಕ್ಸಲ್ ನಡುವಿನ ದೂರ) ಇರುವ ಬೈಕಿನಲ್ಲಿ ಹಿಂಭಾಗ 24 ಮಿ.ಮೀ. ಎದ್ದರೆ ಮುಂದಿನ ಫೋರ್ಕಿನ ಕೋನ ಸುಮಾರು 1 ಡಿಗ್ರಿ ಕಡಿದಾಗುತ್ತದೆ. ಕೇಳಲು ಚಿಕ್ಕದು, ಹ್ಯಾಂಡಲ್ ಹಿಡಿದವರಿಗೆ ದೊಡ್ಡದು: ವೇಗದಲ್ಲಿ ಮುಂಭಾಗ ಚಂಚಲವಾಗುತ್ತದೆ. ಗಿಡ್ಡ ಶಾಕ್ ಹಾಕಿದರೆ ಇದರ ಉಲ್ಟಾ, ತಿರುವಿನಲ್ಲಿ ಬೈಕು ಸೋಮಾರಿಯಂತೆ ಹೊರಗೆ ಜಾರುತ್ತದೆ, ಫುಟ್‌ರೆಸ್ಟ್ ಬೇಗ ನೆಲ ಮುಟ್ಟುತ್ತದೆ. ಹಿಂಭಾಗದ ಎತ್ತರ 10 ಮಿ.ಮೀ. ಒಳಗೆ ಬದಲಾದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. 15 ದಾಟಿದರೆ ಆ ಶಾಕ್ ಬಿಟ್ಟುಬಿಡುತ್ತೇನೆ.

ಸ್ಟ್ರೋಕ್. ಎಲ್ಲರೂ ಮರೆಯುವುದು ಇದನ್ನೇ. ಶಾಕ್ ಎಷ್ಟು ಕುಗ್ಗಬಲ್ಲದು ಅನ್ನುವುದೇ ಸ್ಟ್ರೋಕ್. ಬಾಡಿಯಿಂದ ಕೆಳಗಿನ ತುದಿಯವರೆಗೆ ಕಾಣುವ ಹೊಳೆಯುವ ಶಾಫ್ಟನ್ನು, ಬಂಪ್ ಸ್ಟಾಪ್ (ಶಾಕ್ ಪೂರ್ತಿ ಕುಗ್ಗಿದಾಗ ಬಡಿತ ತಡೆಯುವ) ರಬ್ಬರಿನ ಎತ್ತರವನ್ನೂ ಸೇರಿಸಿ, ಅಳೆಯಿರಿ. ಉದ್ದ ಒಂದೇ ಇದ್ದು ಸ್ಟ್ರೋಕ್ ಜಾಸ್ತಿ ಇದ್ದರೆ ಚಕ್ರ ಮೊದಲಿಗಿಂತ ಮೇಲೆ ಬರುತ್ತದೆ.

ಇದನ್ನು ನಾನು ಕಲಿತದ್ದು ಕೆಟ್ಟ ರೀತಿಯಲ್ಲಿ. ತಂದ ಶಾಕಿನ ಉದ್ದ ನನ್ನದಕ್ಕೆ ಒಂದು ಮಿ.ಮೀ. ಕೂಡ ವ್ಯತ್ಯಾಸವಿರಲಿಲ್ಲ. ಸ್ಟ್ರೋಕ್ 9 ಮಿ.ಮೀ. ಜಾಸ್ತಿ ಇತ್ತು, ಅಳೆದೇ ಇರಲಿಲ್ಲ. ಅನುಪಾತ 2.8. ಅಂದರೆ ಚಕ್ರಕ್ಕೆ 25 ಮಿ.ಮೀ. ಹೆಚ್ಚಿನ ದಾರಿ. ಒಬ್ಬನೇ ಓಡಿಸಿದ ಎರಡು ವಾರ ಏನೂ ಆಗಲಿಲ್ಲ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಒಂದು ಹಂಪ್ ಹಾರಿಸಿದ್ದೇ ತಡ, ಕೆಳಗಿನಿಂದ ‘ಜರ್’ ಅಂತ ಸದ್ದು, ಹಿಂದೆಯೇ ಸುಟ್ಟ ರಬ್ಬರಿನ ವಾಸನೆ. ಟಾರ್ಚ್ ಹಿಡಿದು ನೋಡಿದರೆ ಮಡ್‌ಗಾರ್ಡಿನ ಒಳಮೈಯಲ್ಲಿ ಅಂಗೈ ಅಗಲ ನುಣ್ಣಗೆ ತೇಯ್ದಿತ್ತು. ಅದರ ಮೇಲೆ ಹಾದುಹೋದ ಟೇಲ್ ಲೈಟಿನ ವೈರಿನ ಸಿಪ್ಪೆ ಹೋಗಿ ತಾಮ್ರ ಹೊಳೆಯುತ್ತಿತ್ತು.

ಸ್ಟ್ರೋಕ್ ಸ್ವಲ್ಪ ಜಾಸ್ತಿ ಇದ್ದರೆ ಬಂಪ್ ಸ್ಟಾಪ್ ಕೆಳಗೆ ಶಾಫ್ಟಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಪ್ಯಾಕರ್ ಹಾಕಿ ಕಡಿಮೆ ಮಾಡಬಹುದು. ಕಡಿಮೆ ಇದ್ದರೆ ಏನೂ ಮಾಡಲಾಗದು, ಶಾಕ್ ಬೇಗ ತಳ ಹೊಡೆಯುತ್ತದೆ.

ಕಣ್ಣುಗಳು. ಬೋಲ್ಟಿನ ದಪ್ಪ, ಕಣ್ಣಿನ ಅಗಲ, ತುದಿ ಕಣ್ಣೋ ಕವಲೋ (ಎರಡಾಗಿ ಸೀಳಿದ ತುದಿ). ಬೋಲ್ಟಿನ ದಪ್ಪ ಸಾಮಾನ್ಯವಾಗಿ 10, 12 ಅಥವಾ 14 ಮಿ.ಮೀ. ಹೊಸ ಶಾಕಿನ ತೂತು ದೊಡ್ಡದಿದ್ದರೆ ಸ್ಲೀವ್ (ತೂತಿನೊಳಗೆ ಕೂರುವ ಲೋಹದ ಕೊಳವೆ) ಮಾಡಿಸಬಹುದು. ಚಿಕ್ಕದಿದ್ದರೆ ಬುಶ್ ಬದಲಿಸಿ ಆಗುತ್ತದೆಯೇ ನೋಡಿ, ಇಲ್ಲದಿದ್ದರೆ ಬಿಡಿ. ಕೆಳತುದಿ ನಿಮ್ಮದು ಕಣ್ಣು, ಅದರದ್ದು ಕವಲು ಅಂದರೆ ಅಲ್ಲಿಗೇ ಕೈಬಿಡುವುದು ಒಳ್ಳೆಯದು.

ಸ್ಪ್ರಿಂಗ್. ‘ಭಾರದ ಬೈಕಿನ ಶಾಕ್, ಹಾಗಾಗಿ ಗಟ್ಟಿಮುಟ್ಟು’ ಅನ್ನುವ ಲೆಕ್ಕ ತಪ್ಪು. ಚಕ್ರದ ಮಟ್ಟದಲ್ಲಿ ಸಿಗುವ ಗಡಸುತನ ಬೇಕಾದರೆ ಸ್ಪ್ರಿಂಗಿನ ಅಂಕಿಯನ್ನು (ಅದನ್ನು 1 ಮಿ.ಮೀ. ಕುಗ್ಗಿಸಲು ಬೇಕಾದ ಬಲ) ಅನುಪಾತದ ವರ್ಗದಿಂದ ಭಾಗಿಸಬೇಕು. ನಿಮ್ಮ ಸ್ಪ್ರಿಂಗ್ ಮಿ.ಮೀ.ಗೆ 90 ನ್ಯೂಟನ್, ಅನುಪಾತ 2.6 ಇದೆ ಅನ್ನೋಣ. 2.6ರ ವರ್ಗ 6.76, ಚಕ್ರದಲ್ಲಿ ಸಿಗುವುದು 13.3. ಇನ್ನೊಂದು ಬೈಕಿನ ಸ್ಪ್ರಿಂಗ್ 120, ಅದರ ಅನುಪಾತ 3. ಅಲ್ಲೂ ಚಕ್ರದಲ್ಲಿ 13.3. ಎರಡೂ ಬೈಕು ಒಂದೇ ಮೆತ್ತಗೆ. ಆದರೆ ಆ 120ರ ಸ್ಪ್ರಿಂಗ್ ನಿಮ್ಮ ಬೈಕಿಗೆ ಬಂದರೆ 17.8, ಅಂದರೆ ಮೂರನೇ ಒಂದು ಪಾಲು ಜಾಸ್ತಿ ಗಡಸು. ಇನ್ನೊಂದು ಬೈಕಿನ ಸರಾಸರಿ ಅನುಪಾತ ಬೇಕಾದರೆ ಅದರ ಹಿಂಚಕ್ರದ ಒಟ್ಟು ಓಡಾಟವನ್ನು ಶಾಕಿನ ಸ್ಟ್ರೋಕಿನಿಂದ ಭಾಗಿಸಿ.

ಸ್ಪ್ರಿಂಗಿನ ಮೇಲೆ ಬರೆದ ಅಂಕಿಯ ಮೂಲಮಾನ ನೋಡಿಕೊಳ್ಳಿ. 90 ನ್ಯೂಟನ್, 9.2 ಕೆ.ಜಿ. (ಎರಡೂ ಪ್ರತಿ ಮಿ.ಮೀ.ಗೆ), 514 ಪೌಂಡ್ (ಪ್ರತಿ ಇಂಚಿಗೆ) ಮೂರೂ ಒಂದೇ ಸ್ಪ್ರಿಂಗ್. ಸ್ಪ್ರಿಂಗ್ ಬದಲಿಸಿ ಸರಿಮಾಡಬಹುದು. ಆದರೆ ಒಳಗಿನ ಎಣ್ಣೆಯ ಹಿಡಿತವೂ (ಕುಣಿತ ತಡೆಯುವ ಶಕ್ತಿ) ಇದೇ ಲೆಕ್ಕದಲ್ಲಿ ಬದಲಾಗುತ್ತದೆ, ಹಾಗಾಗಿ ಅನುಪಾತ ಹತ್ತಿರ ಇರುವ ಬೈಕಿನ ಶಾಕೇ ಆರಿಸಿಕೊಳ್ಳಿ.

ಮೈಯ ಗಾತ್ರ. ಸ್ಪ್ರಿಂಗಿನ ಹೊರ ಅಗಲ, ಗ್ಯಾಸ್ ಡಬ್ಬಿ ಯಾವ ಕಡೆ ಚಾಚಿದೆ, ಅದು ಸೈಲೆನ್ಸರ್ ಪೈಪಿಗೆ ಎಷ್ಟು ಹತ್ತಿರ. ಎರಡು ಶಾಕಿನ ಬೈಕಿನಲ್ಲಿ ಚೈನ್ ಗಾರ್ಡ್ ಮತ್ತು ಸೈಲೆನ್ಸರ್ ಎರಡೂ ಕಡೆ ನೋಡಿ, ಜೊತೆಯಾಗಿಯೇ ಬದಲಿಸಿ. ಶಾಕ್ ಅದರ ಮೂಲ ಬೈಕಿನಲ್ಲಿ ಯಾವ ತುದಿ ಮೇಲಾಗಿ ಕೂತಿತ್ತೋ ನಿಮ್ಮದರಲ್ಲೂ ಹಾಗೇ ಕೂರಬೇಕು. ಕೆಲವು ಶಾಕಿನಲ್ಲಿ ಎಣ್ಣೆ ಮತ್ತು ಗ್ಯಾಸ್ ನಡುವೆ ತಡೆ ಇರುವುದಿಲ್ಲ, ತಲೆಕೆಳಗು ಮಾಡಿದರೆ ಹಿಡಿತ ತಪ್ಪಬಹುದು.

## ಹಂತ 5: ಹಳೆ ಶಾಕಾದರೆ ಕೈಯಲ್ಲಿ ಹಿಡಿದು ಪರೀಕ್ಷೆ

ಶಾಫ್ಟಿನ ಮೇಲೆ ಉಗುರು ಎಳೆಯಿರಿ. ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ತುಕ್ಕಿನ ಗುಂಡಿ ಇದೆ, ಅದು ಸೀಲನ್ನು ಕತ್ತರಿಸುತ್ತದೆ. ಸೀಲಿನ ಬಳಿ ಧೂಳು ಎಣ್ಣೆ ಕುಡಿದು ಕಪ್ಪಗೆ ಅಂಟಿದ್ದರೆ ಸೋರುತ್ತಿದೆ ಅಂತ ಅರ್ಥ. ಮಾರುವವರು ಆಗಷ್ಟೇ ಒರೆಸಿರಬಹುದು, ಬಂಪ್ ಸ್ಟಾಪ್ ಅಡಿಯಲ್ಲೂ ನೋಡಿ.

ನೆಲಕ್ಕೆ ಊರಿ ಮೈಭಾರ ಹಾಕಿ ಒತ್ತಿ ಬಿಡಿ. ನಿಧಾನವಾಗಿ, ಒಂದೇ ಸಮ ಮೇಲೆ ಬರಬೇಕು. ತಟ್ಟನೆ ಎದ್ದರೆ ಹಿಡಿತ ಇಲ್ಲ. ದಿಕ್ಕು ಬದಲಿಸುವಾಗ ಕ್ಷಣಕಾಲ ಖಾಲಿ ಅನ್ನಿಸಿದರೆ, ‘ಪಿಚಕ್’ ಅಂತ ಸದ್ದು ಬಂದರೆ, ಎಣ್ಣೆಗೆ ಗಾಳಿ ಸೇರಿದೆ. ಪ್ರೀಲೋಡ್ ಕಾಲರ್ (ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಡಬೇಕು ಅಂತ ಹೊಂದಿಸುವ ಬಳೆ) ತಿರುಗುತ್ತದೆಯೇ, ರೀಬೌಂಡ್ ಸ್ಕ್ರೂ (ಶಾಕ್ ಮತ್ತೆ ಚಾಚುವ ವೇಗ ಹೊಂದಿಸುವುದು) ಕ್ಲಿಕ್ ಅನ್ನುತ್ತದೆಯೇ ಅದನ್ನೂ ನೋಡಿ. ತುಕ್ಕಿನಿಂದ ಕಚ್ಚಿಕೊಂಡ ಕಾಲರ್ ಇದ್ದರೆ ಹಂತ 10 ಮಾಡಲಿಕ್ಕೇ ಆಗುವುದಿಲ್ಲ.

## ಹಂತ 6: ಪಟ್ಟಿ ಪರೀಕ್ಷೆ

ಇಡೀ ಕೆಲಸದಲ್ಲಿ ಒಂದನ್ನು ಮಾತ್ರ ಬಿಡಬಾರದು ಅಂದರೆ ಇದನ್ನು.

ಕಬ್ಬಿಣದ ಪಟ್ಟಿಯಲ್ಲಿ ಮೂರು ತೂತು ಹಾಕಿ. ಒಂದು ತುದಿಯಲ್ಲಿ ಮೇಲಿನ ಬೋಲ್ಟಿಗೆ. ಅಲ್ಲಿಂದ ಹೊಸ ಶಾಕಿನ ಪೂರ್ತಿ ಉದ್ದದಷ್ಟು ದೂರದಲ್ಲಿ ಇನ್ನೊಂದು. ಅದೇ ಉದ್ದದಿಂದ ಸ್ಟ್ರೋಕ್ ಕಳೆದು ಬಂದ ಅಳತೆಗೆ ಮೂರನೆಯದು. ಶಾಕ್ 330 ಮಿ.ಮೀ., ಸ್ಟ್ರೋಕ್ 60 ಅಂದರೆ ತೂತುಗಳು 330 ಮತ್ತು 270ರಲ್ಲಿ. ಪಟ್ಟಿ ಬ್ರಾಕೆಟ್ ನಡುವೆ ಬರುವಂತೆ ಎರಡೂ ಕಡೆ ವಾಷರ್ ತುಂಬಿ.

ಮೊದಲು 330ರ ತೂತಿನಲ್ಲಿ ಬೋಲ್ಟ್ ಹಾಕಿ ಚಕ್ರ ನೇತಾಡಲಿ. ಇದು ಚಕ್ರ ತೀರಾ ಕೆಳಗಿರುವ ಸ್ಥಿತಿ. ಬ್ರೇಕ್ ಪೈಪು, ಎಬಿಎಸ್ ವೈರು ಎಳೆದುಕೊಂಡಿವೆಯೇ? ಚೈನು ಸ್ವಿಂಗ್ ಆರ್ಮಿನ ಸ್ಲೈಡರ್ ಮೇಲೆ ಒತ್ತಿ ಕೂತಿದೆಯೇ? ಕೈಯಲ್ಲಿ ಚಕ್ರ ತಿರುಗಿಸಿ ನೋಡಿ. ಶಾಫ್ಟ್ ಡ್ರೈವ್ (ಚೈನಿನ ಬದಲು ತಿರುಗುವ ದಂಡ ಇರುವ) ಬೈಕಾದರೆ ರಬ್ಬರ್ ಬೂಟ್ ಹಿಗ್ಗಿದೆಯೇ, ಜಾಯಿಂಟ್ ಸಿಕ್ಕಿಕೊಳ್ಳುತ್ತದೆಯೇ ಅದನ್ನೂ ನೋಡಿ.

ಆಮೇಲೆ ಜ್ಯಾಕಿನಿಂದ ಚಕ್ರ ಎತ್ತಿ 270ರ ತೂತಿಗೆ ಬೋಲ್ಟ್ ಹಾಕಿ. ಇದು ರಸ್ತೆಯಲ್ಲಿ ಆಗಬಹುದಾದ ಅತಿ ಕೆಟ್ಟ ಗಳಿಗೆ, ಈಗ ನಿಮ್ಮ ಕಣ್ಣೆದುರು ಸ್ತಬ್ಧವಾಗಿ ನಿಂತಿದೆ. ಟಾರ್ಚ್ ಹಿಡಿದು ಸುತ್ತ ಬನ್ನಿ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕನಿಷ್ಠ ಒಂದೂವರೆ ಬೆರಳು ಜಾಗ ಬೇಕು, ಯಾಕೆಂದರೆ ಓಡುವಾಗ ಟೈರ್ ಹಿಗ್ಗುತ್ತದೆ, ಮೇಲೆ ಕಲ್ಲು ಮಣ್ಣು ಮೆತ್ತಿಕೊಳ್ಳುತ್ತದೆ. ಟೇಲ್ ಲೈಟ್ ವೈರು, ನಂಬರ್ ಪ್ಲೇಟ್ ಬೋಲ್ಟಿನ ತುದಿ, ಬ್ಯಾಟರಿ ಪೆಟ್ಟಿಗೆ, ಚೈನ್ ಗಾರ್ಡ್ ಇವಕ್ಕೆ ಏನಾದರೂ ತಾಗುತ್ತದೆಯೇ, ಲಿಂಕೇಜ್ ತೋಳು ಫ್ರೇಮಿಗೆ ತಾಗುತ್ತದೆಯೇ ನೋಡಿ. ಅನುಮಾನ ಇರುವ ಕಡೆ ಕ್ಲೇ ಉಂಡೆ ಅಂಟಿಸಿ ಮತ್ತೊಮ್ಮೆ ಇಳಿಸಿ ಎತ್ತಿ. ಚಪ್ಪಟೆಯಾದ ಉಂಡೆಯ ದಪ್ಪ ಎಷ್ಟೋ ಅಷ್ಟೇ ನಿಮಗಿರುವ ಜಾಗ.

ಪಟ್ಟಿಗೆ ಮೈದಪ್ಪ ಇಲ್ಲ, ಶಾಕಿಗೆ ಇದೆ. ಅದಕ್ಕೆ ಸ್ಪ್ರಿಂಗಿನ ಅಗಲಕ್ಕೆ ದಪ್ಪ ಕಾಗದ ಸುತ್ತಿ ಕೊಳವೆ ಮಾಡಿ ಪಟ್ಟಿಗೆ ತೊಡಿಸಿ, ಗ್ಯಾಸ್ ಡಬ್ಬಿಯ ಜಾಗಕ್ಕೆ ಒಂದು ರಟ್ಟಿನ ತುಂಡು ಅಂಟಿಸಿ. ಸ್ಪ್ರಿಂಗ್ ಬಿಚ್ಚಿಸಿಕೊಳ್ಳುವ ಅನುಕೂಲ ಇದ್ದರೆ ಬರೀ ಶಾಕನ್ನೇ ಕೂರಿಸಿ ಪೂರ್ತಿ ಕುಗ್ಗಿಸಿ ನೋಡುವುದು ಇನ್ನೂ ಉತ್ತಮ. ಒಳಗಿನ ಗ್ಯಾಸ್ ಶಾಫ್ಟನ್ನು ಹೊರಗೆ ತಳ್ಳುತ್ತಿರುತ್ತದೆ, ಆದರೆ ಜ್ಯಾಕಿಗೆ ಅದೇನೂ ಭಾರವಲ್ಲ.

ಪಟ್ಟಿ ಇರುವಾಗ ಬೈಕಿನ ಭಾರ ಅದರ ಮೇಲೆ ಬಿಡಬೇಡಿ. ಚಕ್ರದ ಭಾರಕ್ಕಷ್ಟೇ ಅದು.

## ಹಂತ 7: ಬುಶ್ ಮತ್ತು ಸ್ಲೀವ್

ವಾಷರ್ ಪೇರಿಸಿ ಜಾಗ ತುಂಬುವುದು ಪರೀಕ್ಷೆಗೆ ಸರಿ, ಓಡಿಸಲು ಅಲ್ಲ. ವಾಷರ್ ಸವೆಯುತ್ತದೆ, ಬೋಲ್ಟ್ ಸಡಿಲವಾಗುತ್ತದೆ, ಒಂದು ದಿನ ಬಾಗುತ್ತದೆ. ಲೇತಿನಲ್ಲಿ ಉಕ್ಕಿನ ಸ್ಲೀವ್ ಮಾಡಿಸಿ. ಬೋಲ್ಟ್ ಒಳಗೆ ಜಾರಬೇಕು, ಅಲ್ಲಾಡಬಾರದು.

ಸ್ಲೀವಿನ ಉದ್ದದಲ್ಲಿ ಒಂದು ಗುಟ್ಟಿದೆ. ಅದು ಬುಶ್ಶಿನ ಹೊರಮೈಗಿಂತ ಎರಡೂ ಕಡೆ ಕೂದಲೆಳೆಯಷ್ಟು ಹೊರಗಿರಬೇಕು. ಆಗ ಬೋಲ್ಟ್ ಬಿಗಿದರೆ ಬ್ರಾಕೆಟ್ ಸ್ಲೀವನ್ನು ಅಮುಕಿ ಹಿಡಿಯುತ್ತದೆ, ಕಣ್ಣು ಸ್ವತಂತ್ರವಾಗಿ ಆಡುತ್ತದೆ. ಸ್ಲೀವ್ ಗಿಡ್ಡವಾದರೆ ಬ್ರಾಕೆಟ್ ನೇರ ಶಾಕಿನ ಕಣ್ಣನ್ನೇ ಕಚ್ಚುತ್ತದೆ. ಬಿಗಿದ ಮೇಲೆ ಶಾಕ್ ಅಲುಗಾಡುವುದೇ ಇಲ್ಲ ಅಂದರೆ ಇದೇ ಕಾರಣ.

ಕಣ್ಣು ಬ್ರಾಕೆಟ್ಟಿನ ನಟ್ಟನಡುವೆ ಇರಬೇಕು. ಒಂದು ಕಡೆ 5 ಮಿ.ಮೀ., ಇನ್ನೊಂದು ಕಡೆ 2 ಅಂದರೆ ಶಾಕ್ ಓರೆ ನಿಂತು ಸೀಲನ್ನು ಒಂದೇ ಪಕ್ಕಕ್ಕೆ ತಿನ್ನುತ್ತದೆ.

ಬೋಲ್ಟ್ ಮೂಲದಷ್ಟೇ ಅಥವಾ ಅದಕ್ಕಿಂತ ಗಟ್ಟಿ ಗ್ರೇಡಿನದ್ದಾಗಿರಲಿ. ತಲೆಯ ಮೇಲೆ 8.8, 10.9 ಅಂತ ಬರೆದಿರುತ್ತದೆ. ಏನೂ ಬರೆಯದ ಬೋಲ್ಟ್ ಇಲ್ಲಿ ಬೇಡ. ಭಾರ ಬೀಳುವ ಕಡೆ ಬೋಲ್ಟಿನ ಥ್ರೆಡ್ ಇರಬಾರದು, ನುಣ್ಣನೆ ಭಾಗವೇ ಇರಬೇಕು.

## ಹಂತ 8: ಕೂರಿಸಿ, ಆದರೆ ಕೊನೆಯ ಬಿಗಿತ ಆಮೇಲೆ

ಮೇಲಿನ ಬೋಲ್ಟ್ ಮೊದಲು, ಕೆಳಗಿನದು ಆಮೇಲೆ, ಎರಡೂ ಕೈಬಿಗಿ ಅಷ್ಟೇ. ನೀಡಲ್ ಬೇರಿಂಗ್ ಇದ್ದರೆ ಗ್ರೀಸ್ ತುಂಬಿ. ಲಾಕ್ ನಟ್ಟು ಹೊಸದೇ ಹಾಕಿ.

ರಬ್ಬರ್ ಬುಶ್ ಇರುವ ಶಾಕನ್ನು ಚಕ್ರ ನೇತಾಡುವಾಗ ಪೂರ್ತಿ ಬಿಗಿಯಬೇಡಿ. ರಬ್ಬರು ಒಳಗಿನ ಸ್ಲೀವಿಗೆ ಅಂಟಿಕೊಂಡಿರುತ್ತದೆ. ನೇತಾಡುವಾಗ ಬಿಗಿದು ಬೈಕನ್ನು ಇಳಿಸಿದರೆ ಆ ರಬ್ಬರು ತಿರುಚಿಕೊಂಡೇ ಇಡೀ ಆಯಸ್ಸು ಕಳೆಯಬೇಕು. ಒಂದೇ ತಿಂಗಳಲ್ಲಿ ಬುಶ್ ಹರಿಯಿತು ಅನ್ನುವವರಲ್ಲಿ ಹಲವರ ಕಥೆ ಇದೇ. ಬೈಕನ್ನು ನೆಲಕ್ಕಿಳಿಸಿ, ಒಬ್ಬರನ್ನು ಕೂರಿಸಿ, ಆಮೇಲೆ ಟಾರ್ಕ್ ರೆಂಚಿನಲ್ಲಿ ಮ್ಯಾನುಯಲ್ ಹೇಳಿದಷ್ಟು ಬಿಗಿಯಿರಿ. ಬೋಲ್ಟಿನ ತಲೆಯಿಂದ ಬ್ರಾಕೆಟ್ಟಿಗೆ ಪೇಂಟ್ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ.

## ಹಂತ 9: ಎತ್ತರ ಬದಲಾದರೆ ಜೊತೆಗೆ ಬದಲಾಗುವವು

ಚೈನು ಅತಿ ಬಿಗಿಯಾಗುವುದು ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಪಿವಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ. ಶಾಕ್ ಉದ್ದ ಬದಲಾದರೆ ಮ್ಯಾನುಯಲ್‌ನ ಸಡಿಲದ ಅಂಕಿ ನಿಮ್ಮ ಬೈಕಿಗೆ ಹೊಂದುವುದಿಲ್ಲ. ರ‍್ಯಾಚೆಟ್ ಪಟ್ಟಿ ಹಾಕಿ ಹಿಂಭಾಗ ಎಳೆದು ಮೂರನ್ನೂ ಗೆರೆಗೆ ತನ್ನಿ, ಅಲ್ಲಿ ಸ್ವಲ್ಪ ಸಡಿಲ ಉಳಿಯುವಂತೆ ಚೈನ್ ಹೊಂದಿಸಿ. ಆಮೇಲೆ ಪಟ್ಟಿ ಬಿಚ್ಚಿ ಸ್ಟ್ಯಾಂಡಿನಲ್ಲಿ ಸಡಿಲ ಎಷ್ಟು ಬರುತ್ತದೋ ಬರೆದಿಡಿ. ಇನ್ನು ಮುಂದೆ ಅದೇ ನಿಮ್ಮ ಅಂಕಿ.

ಹಿಂಭಾಗ ಎದ್ದರೆ ಸೈಡ್ ಸ್ಟ್ಯಾಂಡಿನಲ್ಲಿ ಬೈಕು ಜಾಸ್ತಿ ವಾಲುತ್ತದೆ. ಇಳಿದರೆ ನೇರ ನಿಂತು ಗಾಳಿಗೇ ಆಚೆ ಬೀಳಬಹುದು. ಹೆಡ್‌ಲೈಟ್ ಗೋಡೆಯ ಗುರುತಿಗೆ ಮತ್ತೆ ಹೊಂದಿಸಿ.

## ಹಂತ 10: ಸ್ಯಾಗ್ ಹೊಂದಿಸಿ

ಭಾರ ಬಿದ್ದಾಗ ಹಿಂಭಾಗ ಎಷ್ಟು ಇಳಿಯುತ್ತದೆ ಅನ್ನುವುದೇ ಸ್ಯಾಗ್. ಹಂತ 1ರ ಮೂರು ಅಳತೆ ಮತ್ತೆ ತೆಗೆದು, ಚಕ್ರ ನೇತಾಡುವಾಗಿನ ಅಳತೆಯಿಂದ ಉಳಿದೆರಡನ್ನು ಕಳೆಯಿರಿ. ರಸ್ತೆ ಬೈಕಿಗೆ ತನ್ನ ಭಾರದಲ್ಲಿ 5ರಿಂದ 15 ಮಿ.ಮೀ., ನೀವು ಕೂತಾಗ ಒಟ್ಟು 30ರಿಂದ 40 ಮಿ.ಮೀ. ಇಳಿಯಬೇಕು. ಪ್ರೀಲೋಡ್ ತಿರುಗಿಸಿ ಎರಡನೆಯದನ್ನು ಮೊದಲು ಸರಿಮಾಡಿ.

ಈಗ ಮೊದಲನೆಯದನ್ನು ನೋಡಿ. ನೀವು ಕೂತಾಗ ಸರಿ ಇದೆ, ಆದರೆ ಬೈಕು ತಾನೇ ನಿಂತಾಗ ಚೂರೂ ಇಳಿಯುವುದಿಲ್ಲ ಅಂದರೆ ಸ್ಪ್ರಿಂಗ್ ಮೆತ್ತಗಾಯಿತು, ನೀವು ಬಿಗಿದು ಬಿಗಿದು ಅದನ್ನು ಮುಚ್ಚಿಟ್ಟಿದ್ದೀರಿ. ತಾನೇ ತುಂಬ ಇಳಿಯುತ್ತದೆ ಅಂದರೆ ಸ್ಪ್ರಿಂಗ್ ಗಡಸು. ಪ್ರೀಲೋಡ್ ಸ್ಪ್ರಿಂಗನ್ನು ಗಡಸು ಮಾಡುವುದಿಲ್ಲ, ಎತ್ತರವನ್ನಷ್ಟೇ ಬದಲಿಸುತ್ತದೆ. ಈ ಒಂದು ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು.

ರೀಬೌಂಡ್‌ಗೆ, ಸ್ಕ್ರೂವನ್ನು ಪೂರ್ತಿ ಮುಚ್ಚಿ ಅಲ್ಲಿಂದ ಕ್ಲಿಕ್ ಎಣಿಸುತ್ತಾ ಬಿಚ್ಚಿ. ಸೀಟು ಒತ್ತಿ ಬಿಟ್ಟರೆ ಸುಮಾರು ಒಂದು ಸೆಕೆಂಡಿನಲ್ಲಿ ಮೇಲೆ ಬಂದು ನಿಲ್ಲಬೇಕು, ಮತ್ತೆ ಕುಣಿಯಬಾರದು. ಕ್ಲಿಕ್ ಲೆಕ್ಕ ಬರೆದಿಡಿ.

## ಹಂತ 11: ಮೊದಲ ಓಟ

ಶಾಫ್ಟಿಗೆ ತೆಳ್ಳನೆ ಕೇಬಲ್ ಟೈ ಒಂದನ್ನು, ತಳ್ಳಿದರಷ್ಟೇ ಜಾರುವಂತೆ, ಕಟ್ಟಿ ಸೀಲಿನವರೆಗೆ ತಳ್ಳಿ. ಎಷ್ಟು ಸ್ಟ್ರೋಕ್ ಬಳಕೆಯಾಯಿತು ಅಂತ ಅದೇ ಹೇಳುತ್ತದೆ. ಅನುಮಾನದ ಜಾಗಗಳಿಗೆ ಟೇಪು ಅಂಟಿಸಿ. ಒಬ್ಬರೇ, ನಿಧಾನವಾಗಿ, ಒಂದೆರಡು ಕಿ.ಮೀ. ಹೋಗಿ ಬನ್ನಿ. ಪೇಂಟ್ ಗೆರೆ, ಟೇಪು, ಕೇಬಲ್ ಟೈ ನೋಡಿ. ಆಮೇಲೆ ಹಂಪ್‌ಗಳು, ಕೊನೆಗೆ ಹಿಂದೆ ಕೂರುವವರ ಜೊತೆ. ಸುಮಾರು 100 ಕಿ.ಮೀ. ಆದ ಮೇಲೆ ಬೋಲ್ಟ್‌ಗಳಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ ಇಡಿ.

ಕೆಲವು ಲಕ್ಷಣ ಕಂಡರೆ ಅಲ್ಲೇ ನಿಲ್ಲಿಸಬೇಕು:

- ಪೇಂಟ್ ಗೆರೆ ಒಂದು ಕೂದಲೆಳೆ ಜರುಗಿದರೂ ಬೋಲ್ಟ್ ತಿರುಗುತ್ತಿದೆ. ಸುಮ್ನೆ ಬಿಗಿದು ಹೋಗಬೇಡಿ, ಸ್ಲೀವಿನ ಉದ್ದ ಅಳೆಯಿರಿ.
- ಹಳ್ಳದಲ್ಲಿ ‘ಠಕ್’ ಅಂತ ಒಂಟಿ ಸದ್ದು ಬಂದರೆ ಬುಶ್ಶಿನಲ್ಲಿ ಆಟ ಇದೆ, ಅಥವಾ ಲೋಹಕ್ಕೆ ಲೋಹ ಬಡಿಯುತ್ತಿದೆ.
- ಸಾಲು ಗುಂಡಿಗಳ ಮೇಲೆ ಹಿಂಭಾಗ ಕ್ರಮೇಣ ಕುಸಿಯುತ್ತಾ ಹೋದರೆ ರೀಬೌಂಡ್ ಜಾಸ್ತಿ ಬಿಗಿ. ಎರಡು ಕ್ಲಿಕ್ ಬಿಡಿ.
- ನೇರ ರಸ್ತೆಯಲ್ಲಿ ವೇಗ ಹೆಚ್ಚಿದಂತೆ ಹ್ಯಾಂಡಲ್ ನಡುಗಿದರೆ ಹಿಂಭಾಗ ತೀರಾ ಎದ್ದಿರಬಹುದು. ನಿಧಾನಕ್ಕೆ ವೇಗ ಇಳಿಸಿ ಮನೆಗೆ ಬಂದು ಎತ್ತರ ಅಳೆಯಿರಿ.
- ಅರ್ಧ ಗಂಟೆ ಓಡಿಸಿದ ಮೇಲೆ ಮೆತ್ತಗಾಗಿ ಕುಣಿಯತೊಡಗಿದರೆ ಎಣ್ಣೆ ಬಿಸಿಯಾಗಿ ಹಿಡಿತ ಹೋಗುತ್ತಿದೆ. ಗ್ಯಾಸ್ ಡಬ್ಬಿ ಸೈಲೆನ್ಸರ್ ಪಕ್ಕ ಇದ್ದರೆ ಮೊದಲ ಅನುಮಾನ ಅಲ್ಲೇ.

ಹಳೆ ಶಾಕನ್ನು ಇಷ್ಟು ಬೇಗ ಯಾರಿಗೂ ಕೊಡಬೇಡಿ. ಅದರ ಬೋಲ್ಟು, ನಟ್ಟು, ಸ್ಲೀವ್ ಎಲ್ಲ ಒಂದೇ ಚೀಲದಲ್ಲಿ ಹಾಕಿ, ಹಂತ 1ರ ಅಂಕಿ ಬರೆದ ಚೀಟಿಯನ್ನೂ ಜೊತೆಗಿಟ್ಟು ಅದಕ್ಕೇ ಕಟ್ಟಿಡಿ.